ಅಡಿಕೆ ಚೊಗರಿನಿಂದ ವಿಮಾನ ಹಾರಲ್ಲ ಸ್ವಾಮೀ!

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡ್ತಾ ಬಂದ ವಿಷಯ ಇದು. ಕೆಲಸ ಜಾಸ್ತಿ ಇತ್ತು, ರಿಲೀಸ್ ಇತ್ತು ಅಂತ ನೆಪ ಹೇಳಿಬಿಡಬಹುದಿತ್ತು. ನಿಜವಾದ ಕಾರಣ ನಾಚಿಕೆ. ಈ ಬರಹದಲ್ಲಿ ಬೈಸಿಕೊಳ್ಳೋ ಮೊದಲನೇ ಆಸಾಮಿ ನಾನೇ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಚೌಳಹಿರಿಯೂರು, ಕಡೂರು ತಾಲ್ಲೂಕು. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಆಫೀಸಿನವರು ಕಾಫಿ ತೋಟ, ಜಲಪಾತ, ಮಂಜು ಅಂತೆಲ್ಲ ಕನಸು ಕಾಣೋಕೆ ಶುರು ಮಾಡ್ತಾರೆ. ನಮ್ಮದು ಜಿಲ್ಲೆಯ ಒಣ ಮೂಲೆ ಸ್ವಾಮಿ. ರಾಗಿ, ತೆಂಗು, ಬೋರ್‌ವೆಲ್ ನಂಬಿಕೊಂಡು ಹಾಕಿದ ಅಡಿಕೆ. ಹಬ್ಬದ ಹೊತ್ತಿಗೆ ಅಡಿಕೆ ಸುಲಿಯೋದು, ಬೇಯಿಸೋದು ನಡೀತಾ ಇರುತ್ತೆ. ಹಂಡೆಯಲ್ಲಿ ಕೆಂಪಗೆ ಚೊಗರು ಕುದೀತಾ ಇರುತ್ತೆ.

ಹಂಡೆ ಹತ್ತಿರ ಕೂತಿದ್ದಾಗ ಚಿಕ್ಕಪ್ಪನ ಮಗ ಬಂದು ಪಕ್ಕದಲ್ಲಿ ಕೂತ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಐಟಿಐ ಮಾಡಿಕೊಂಡು ಬೆಂಗಳೂರಿನ ಹೊರವಲಯದ ಒಂದು ಪ್ಲೇಟಿಂಗ್ ಯೂನಿಟ್ಟಿನಲ್ಲಿ ಕೆಲಸಕ್ಕಿದಾನೆ. ವಿಮಾನದ ಅಲ್ಯುಮಿನಿಯಂ ಭಾಗಗಳಿಗೆ ತುಕ್ಕು ಹಿಡಿಯದ ಹಾಗೆ ಲೇಪ ಕೊಡೋ ಕೆಲಸ. ಯೂನಿಟ್ಟಿನ ಹೆಸರು ಬೇಡ, ಅವನ ಅನ್ನ ಅದು. ಮಾತಾಡ್ತಾ ಮಾತಾಡ್ತಾ ಮೂಗು ಒರೆಸಿಕೊಳ್ತಾನೇ ಇದ್ದ. ಕರ್ಚೀಫಿನಲ್ಲಿ ರಕ್ತ.

"ಏನೋ ಅದು?"

"ಏನಿಲ್ಲ ಬಿಡಣ್ಣ. ಮೂಗೊಳಗೆ ಹಕ್ಕಳೆ ಕಟ್ಟುತ್ತೆ, ಕಿತ್ತರೆ ರಕ್ತ ಬರುತ್ತೆ. ನಮ್ಮಲ್ಲಿ ತೊಟ್ಟಿ ಹತ್ರ ನಿಲ್ಲೋರಿಗೆಲ್ಲ ಹಿಂಗೇನೆ. ವ್ಯಾಸಲೀನ್ ಹಚ್ಕೋ ಅಂತಾರೆ ಸೂಪರ್‌ವೈಸರ್ರು."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ. ಮೂಗಿನ ನಡುವಿನ ಗೋಡೆ ಮೇಲೆ ಹುಣ್ಣಾಗಿದೆ, ಹಿಂಗೇ ಬಿಟ್ರೆ ತೂತಾಗುತ್ತೆ ಅಂದ್ರು. ಏನ್ ಕೆಲಸ ಮಾಡ್ತೀಯ ಅಂತ ಮಾತ್ರ ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಆಮೇಲೆ ಹಂಡೆ ಕಡೆ ನೋಡಿ ನಗುತ್ತಾ ಕೇಳಿದ: "ಅಲ್ಲಣ್ಣ, ನೀನು ಕಾಲೇಜಲ್ಲಿ ಈ ಚೊಗರಿಂದಲೇ ತುಕ್ಕು ತಡೀಬಹುದು ಅಂತ ಕಂಡುಹಿಡಿದಿದ್ಯಲ್ಲ, ಪೇಪರ್ ಬೇರೆ ಬಂದಿತ್ತಲ್ಲ. ಅದನ್ನ ನಮ್ಮ ತೊಟ್ಟಿಗೆ ಹಾಕಿದ್ರೆ ಆಗಲ್ವಾ?"

ನನ್ನ ಬಾಯಿ ಕಟ್ಟಿಹೋಯ್ತು. ಆವತ್ತು ಅವನಿಗೆ ಕೊಡದ ಉತ್ತರವನ್ನ ಇವತ್ತು ನಿಮ್ಮೆದುರು ಕೊಡ್ತಾ ಇದೀನಿ.

ಮೊದಲು ನನ್ನ ಕರ್ಮಕಾಂಡ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಎಲ್ಲರ ಹಾಗೆ ಕೊನೆಗೆ ಸಾಫ್ಟ್‌ವೇರ್ ಸೇರಿದೆ, ಅದು ಬೇರೆ ಕತೆ :-) ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡ್ತಿದ್ದಾಗ ನಮ್ಮ ಗೈಡು "ಗ್ರೀನ್ ಇನ್ಹಿಬಿಟರ್ ಮಾಡ್ರೋ, ಸುಲಭ" ಅಂದರು. ಇನ್ಹಿಬಿಟರ್ ಅಂದರೆ ಲೋಹ ತುಕ್ಕು ಹಿಡಿಯೋದನ್ನ ತಡೆಯೋ ಪದಾರ್ಥ. ವಿಧಾನವೂ ಸುಲಭ. ಯಾವುದಾದರೂ ಒಂದು ಸೊಪ್ಪೋ ಸಿಪ್ಪೆಯೋ ತಗೋ, ಕುದಿಸು, ಸೋಸು. ಕಬ್ಬಿಣದ ತುಂಡನ್ನ ತೂಕ ಮಾಡಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆರು ಗಂಟೆ ಮುಳುಗಿಸು. ಕಷಾಯ ಹಾಕಿದಾಗ ಎಷ್ಟು ಕರಗಿತು, ಹಾಕದಿದ್ದಾಗ ಎಷ್ಟು ಕರಗಿತು ಅಂತ ಕಳೆದು ಭಾಗಿಸು. ಶೇಕಡಾವಾರು ಬಂತು, ಪೇಪರ್ ರೆಡಿ. ನಾನು ಊರಿಂದ ಒಂದು ಕ್ಯಾನ್ ಚೊಗರು ಹೊತ್ತುಕೊಂಡು ಹೋದೆ. ಶೇಕಡಾ ತೊಂಬತ್ತರ ಹತ್ತಿರ ಬಂತು. ಪೀಠಿಕೆಯಲ್ಲಿ "ವಿಷಕಾರಿ ಕ್ರೋಮೇಟಿಗೆ ಪರಿಸರಸ್ನೇಹಿ ಪರ್ಯಾಯ, ವಿಮಾನ ಉದ್ಯಮಕ್ಕೂ ಉಪಯುಕ್ತ" ಅಂತ ಒಂದು ಸಾಲು ಜಡಿದೆವು. ದುಡ್ಡು ಕಟ್ಟಿದರೆ ಅಚ್ಚು ಹಾಕೋ ಒಂದು ಜರ್ನಲ್ಲಿನಲ್ಲಿ ಬಂತು. ಅಪ್ಪ ಊರಲ್ಲಿ ಎಲ್ಲರಿಗೂ ತೋರಿಸಿದರು.

ಆ ಪೇಪರಿನಲ್ಲಿ ಇಲ್ಲದ ಒಂದು ವಿಷಯ ಇದೆ. ನಮ್ಮ ಸೀನಿಯರ್ ಒಬ್ಬರು ನಿಜವಾದ ವಿಮಾನದ ಅಲ್ಯುಮಿನಿಯಂ ತುಂಡು ತಂದುಕೊಟ್ಟಿದ್ದರು, 2024 ಅನ್ನೋ ಮಿಶ್ರಲೋಹ. ಅದನ್ನ ಚೊಗರು ಬೆರೆಸಿದ ಉಪ್ಪು ನೀರಲ್ಲಿ ಇಟ್ಟೆವು. ಒಂದು ವಾರಕ್ಕೆ ತೆಗೆದು ತೊಳೆದು ನೋಡಿದರೆ ಮೈತುಂಬ ಸೂಜಿ ಚುಚ್ಚಿದ ಹಾಗೆ ತೂತು! ಗೈಡಿಗೆ ತೋರಿಸಿದೆವು. "ಇದನ್ನ ರಿಪೋರ್ಟಿಗೆ ಹಾಕಬೇಡಿ, ವೈವಾದಲ್ಲಿ ಸುಮ್ಮನೆ ಪ್ರಶ್ನೆ ಬರುತ್ತೆ" ಅಂದರು. ನಾವು ಹಾಕಲಿಲ್ಲ. ಅವರೊಬ್ಬರನ್ನೇ ಬೈದು ಕೈತೊಳೆದುಕೊಳ್ಳಲ್ಲ, ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಕಬ್ಬಿಣದಲ್ಲಿ ಗೆದ್ದ ಚೊಗರು ಅಲ್ಯುಮಿನಿಯಂನಲ್ಲಿ ಯಾಕೆ ಸೋತಿತು? ಅಡಿಕೆ ಸುಲಿಯೋ ಕತ್ತಿ, ಸುಲಿಯೋರ ಕೈ ಕಪ್ಪಾಗೋದನ್ನ ನೋಡಿದೀರಲ್ಲ. ಚೊಗರಿನಲ್ಲಿರೋ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತೆ. ಹಳೇ ಕಾಲದ ಶಾಯಿ ಮಾಡ್ತಿದ್ದದ್ದೂ ಇದೇ ಗುಣದಿಂದ. ಕಬ್ಬಿಣವನ್ನ ಆಮ್ಲದಲ್ಲಿ ತೊಳೆಯುವಾಗ ಲೋಹ ಹೆಚ್ಚು ಕರಗದ ಹಾಗೆ ನೋಡಿಕೊಳ್ಳೋಕೆ ಇಂಥದ್ದು ಉಪಯೋಗಕ್ಕೆ ಬರಬಹುದು, ಅದನ್ನ ಇಲ್ಲ ಅನ್ನಲ್ಲ. ಆದರೆ ವಿಮಾನವನ್ನ ಯಾರೂ ಆಮ್ಲದಲ್ಲಿ ಮುಳುಗಿಸಿಡಲ್ಲ.

ವಿಮಾನದ ಕತೆಯೇ ಬೇರೆ. ಶುದ್ಧ ಅಲ್ಯುಮಿನಿಯಂ ಪಾಪ ಒಳ್ಳೇದು. ಗಾಳಿ ತಾಗಿದ ಕೂಡಲೇ ತಾನೇ ಒಂದು ತೆಳು ಆಕ್ಸೈಡ್ ಪದರ ಹೊದ್ದುಕೊಂಡು ಸುಮ್ಮನಾಗುತ್ತೆ. ಆದರೆ ಅದು ಮೆತ್ತಗೆ, ರೆಕ್ಕೆ ಕಟ್ಟೋಕೆ ಬರಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅದಕ್ಕೆ ತಾಮ್ರ ಮತ್ತು ಮೆಗ್ನೀಸಿಯಂ ಬೆರೆಸಿ, ಕಾಯಿಸಿ ತಣಿಸಿ, ಕೆಲವು ದಿನ ಹಾಗೇ ಬಿಟ್ಟರೆ ಗಟ್ಟಿಯಾಗುತ್ತೆ ಅಂತ ಕಂಡುಕೊಂಡ. ಡ್ಯುರಾಲುಮಿನ್ ಹುಟ್ಟಿತು, ವಿಮಾನ ಉದ್ಯಮವೂ ಅದರ ಮೇಲೆ ನಿಂತಿತು. ಇವತ್ತಿನ 2024 ಅದೇ ವಂಶದ್ದು, ಅದರಲ್ಲಿ ತಾಮ್ರ ಸುಮಾರು ಶೇಕಡಾ 4.4. ಬಲ ಕೊಟ್ಟ ತಾಮ್ರವೇ ಇಲ್ಲಿ ಶಾಪ. ಲೋಹದ ಒಳಗೆ ತಾಮ್ರ ಹೆಚ್ಚಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕೂತಿರುತ್ತವೆ. ಉಪ್ಪಿನಂಶದ ತೇವ ಬಿತ್ತು ಅನ್ನಿ, ಒಂದೊಂದು ಕಣವೂ ಒಂದೊಂದು ಪುಟ್ಟ ಬ್ಯಾಟರಿ ಆಗಿ ಸುತ್ತಲಿನ ಅಲ್ಯುಮಿನಿಯಂ ಅನ್ನ ತಿನ್ನುತ್ತೆ. ಕೆಂಪು ತುಕ್ಕು ಕಾಣಲ್ಲ. ಬಣ್ಣದ ಕೆಳಗೆ, ರಿವೆಟ್ಟಿನ ಸುತ್ತ, ಎರಡು ಹಾಳೆ ಸೇರೋ ಜಾಗದಲ್ಲಿ ಬಿಳಿ ಪುಡಿ, ಅದರಡಿ ತೂತು.

"ಸಣ್ಣ ತೂತಿಂದ ಏನಾಗುತ್ತೆ" ಅನ್ನೋರಿಗೆ 1988ರ ಏಪ್ರಿಲ್ 28 ನೆನಪಿಸ್ತೀನಿ. ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ಆಕಾಶದಲ್ಲಿದ್ದಾಗ ಮುಂಭಾಗದ ಛಾವಣಿಯೇ ಕಿತ್ತುಹೋಯ್ತು. ಉಪ್ಪು ಗಾಳಿಯಲ್ಲಿ ದ್ವೀಪದಿಂದ ದ್ವೀಪಕ್ಕೆ 89 ಸಾವಿರಕ್ಕೂ ಹೆಚ್ಚು ಸಲ ಹಾರಿದ್ದ ವಿಮಾನ. ಹಾಳೆಗಳ ಜೋಡಣೆಯಲ್ಲಿ ಅಂಟು ಬಿಟ್ಟಿತ್ತು, ತುಕ್ಕು ಹಿಡಿದಿತ್ತು, ರಿವೆಟ್ ಸಾಲಿನಲ್ಲಿ ಬಿರುಕು ಬೆಳೆದಿತ್ತು. ಒಬ್ಬ ಗಗನಸಖಿ ಹೊರಗೆ ಸೆಳೆದುಹೋದರು. ಪೈಲಟ್‌ಗಳು ಹೇಗೋ ಇಳಿಸಿದರು, ಉಳಿದವರು ಬದುಕಿದರು. ತುಕ್ಕು ತಡೆಯೋದು ಅಲಂಕಾರದ ಮಾತಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಈ ತುಕ್ಕನ್ನ ತಡೆಯೋದರಲ್ಲಿ ಸುಮಾರು ನೂರು ವರ್ಷದಿಂದ ರಾಜ ಅಂದರೆ ಕ್ರೋಮೇಟು. ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ. ನಾವಿಲ್ಲಿ ಆರರ ಕ್ರೋಮಿಯಂ ಅನ್ನೋಣ. 1923ರಲ್ಲಿ ಇಂಗ್ಲೆಂಡಿನಲ್ಲಿ ಕ್ರೋಮಿಕ್ ಆಮ್ಲದ ಆನೊಡೈಸಿಂಗ್ ಬಂತು. ಆಮೇಲೆ ಭಾಗವನ್ನ ಅದ್ದಿ ತೆಗೆದರೆ ಹೊಂಬಣ್ಣ ಬರೋ ಕ್ರೋಮೇಟ್ ಡಿಪ್ ಬಂತು, ಶಾಪುಗಳಲ್ಲಿ ಇದನ್ನ ಅಲೋಡೈನ್ ಅಂತಾರೆ. ಅದರ ಮೇಲೆ ಸ್ಟ್ರಾನ್ಷಿಯಂ ಕ್ರೋಮೇಟ್ ಬೆರೆಸಿದ ಹಳದಿ ಪ್ರೈಮರ್. ಇದರ ಚಾಲಾಕಿ ನೋಡಿ. ಬಣ್ಣಕ್ಕೆ ಎಲ್ಲೋ ಗೀರು ಬಿತ್ತು ಅಂದುಕೊಳ್ಳಿ. ತೇವ ಒಳಗೆ ಬಂದಾಗ ಪ್ರೈಮರಿನಲ್ಲಿರೋ ಕ್ರೋಮೇಟು ಸ್ವಲ್ಪ ಕರಗಿ, ಗೀರಿನ ತನಕ ನಡೆದುಹೋಗಿ, ಅಲ್ಲಿ ಮೂರರ ಕ್ರೋಮಿಯಂ ಆಗಿ ಬದಲಾಗಿ, ಕರಗದ ಪದರ ಕಟ್ಟಿ ಕೂತುಬಿಡುತ್ತೆ. ಅದರಲ್ಲೂ ಆ ತಾಮ್ರದ ಕಣಗಳ ಬಾಯಿ ಮುಚ್ಚುತ್ತೆ. ಗಾಯಕ್ಕೆ ತಾನೇ ಮದ್ದು ಹಾಕಿಕೊಳ್ಳೋ ಬಣ್ಣ!

ಇಂಥ ಒಳ್ಳೇ ಪದಾರ್ಥದ ತೊಂದರೆಯೂ ಅದೇ ಗುಣದಿಂದ ಬರುತ್ತೆ. ಕ್ರೋಮೇಟಿನ ಆಕಾರ ನಮ್ಮ ಮೈಗೆ ಬೇಕಾದ ಸಲ್ಫೇಟಿನ ಹಾಗೇ ಇದೆ. ಜೀವಕೋಶ ಅದನ್ನ ಸಲ್ಫೇಟು ಅಂದುಕೊಂಡು ಬಾಗಿಲು ತೆಗೆಯುತ್ತೆ. ಒಳಗೆ ಹೋದಮೇಲೆ ಲೋಹದ ಗೀರಿನಲ್ಲಿ ಮಾಡಿದ ಕೆಲಸವನ್ನೇ ಮಾಡುತ್ತೆ, ಆರರಿಂದ ಮೂರಕ್ಕೆ ಇಳಿಯುತ್ತೆ. ಇಳಿಯೋ ದಾರಿಯಲ್ಲಿ ಡಿಎನ್‌ಎ ಕೆಡಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಇದನ್ನ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೆ ಹಾಕಿತು. ಮೂಗಿನ ಹುಣ್ಣು ಅದಕ್ಕಿಂತ ಹಳೇ ಸುದ್ದಿ, ಹತ್ತೊಂಬತ್ತನೇ ಶತಮಾನದಲ್ಲೇ ವೈದ್ಯರು ಬರೆದಿಟ್ಟಿದ್ದು. ನಮ್ಮ ದೇಶದ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಡಾಕ್ಟರು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆಗಳ ಪಟ್ಟಿ ಇತ್ತು. ಅದರಲ್ಲಿ ಕ್ರೋಮ್ ಹುಣ್ಣೂ ಒಂದು! ನನ್ನ ತಮ್ಮನ ಹಕ್ಕಳೆ ಕಾನೂನಿಗೆ ಎಂದೋ ಗೊತ್ತಿದ್ದ ಹಕ್ಕಳೆ. ವ್ಯಾಸಲೀನ್ ಹಚ್ಚೋಕೆ ಹೇಳಿದ ಸೂಪರ್‌ವೈಸರಿಗೆ, ಏನು ಕೆಲಸ ಅಂತ ಕೇಳದ ಡಾಕ್ಟರಿಗೆ ಮಾತ್ರ ಗೊತ್ತಿರಲಿಲ್ಲ.

ಇನ್ನೊಂದು ಲೆಕ್ಕ ಹೇಳ್ತೀನಿ. 2006ರಲ್ಲಿ ಅಮೆರಿಕ ಕಾರ್ಖಾನೆಯ ಗಾಳಿಯಲ್ಲಿ ಆರರ ಕ್ರೋಮಿಯಂ ಮಿತಿಯನ್ನ ಘನ ಮೀಟರಿಗೆ 52 ಮೈಕ್ರೋಗ್ರಾಮಿನಿಂದ 5ಕ್ಕೆ ಇಳಿಸಿತು. ನಮ್ಮ ಫ್ಯಾಕ್ಟರಿ ಕಾಯ್ದೆಗೆ 1987ರ ತಿದ್ದುಪಡಿಯಲ್ಲಿ ಸೇರಿದ ಪಟ್ಟಿ ಇಟ್ಟಿದ್ದ ಮಿತಿ 50. ಒಂದೇ ವಿಮಾನ ಕಂಪನಿಗೆ ಹೋಗೋ ಒಂದೇ ಥರದ ಬ್ರಾಕೆಟ್ಟು ಅಲ್ಲಿ ಅದ್ದಿದರೆ ಒಂದು ಮಿತಿ, ಇಲ್ಲಿ ಅದ್ದಿದರೆ ಅದರ ಹತ್ತು ಪಟ್ಟು. ಕೆಲಸ ಇಲ್ಲಿಗೆ ಅಗ್ಗವಾಗಿ ಬರೋದು ನಮ್ಮ ಹುಡುಗರ ಕೈಚಳಕದಿಂದ ಮಾತ್ರ ಅಂದುಕೊಂಡಿದ್ದೆ. ಮೂಗಿನ ಪಾಲೂ ಇದೆ.

ತೊಟ್ಟಿಯ ಆಚೆಗೂ ನೋಡಿ. ಪೀಣ್ಯದ ಅಂತರ್ಜಲದಲ್ಲಿ ಆರರ ಕ್ರೋಮಿಯಂ ಸಿಕ್ಕಿದ್ದು ಸರ್ಕಾರದ ಸಮೀಕ್ಷೆಯಲ್ಲೇ ಇದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ಗುಡ್ಡ ದಶಕಗಳ ಕಾಲ ಬಿದ್ದಿತ್ತು, 2006ರಲ್ಲಿ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಮಾಡಿದ ಜಗತ್ತಿನ ಹತ್ತು ಕೊಳಕು ಜಾಗಗಳ ಪಟ್ಟಿಯಲ್ಲಿ ಆ ಊರೂ ಸೇರಿತು. ಇದರ ಅದಿರು ಎಲ್ಲೋ ಆಫ್ರಿಕಾದಲ್ಲಿ ಮಾತ್ರ ಇರೋದಲ್ಲ. ನಮ್ಮೂರ ಕಡೆಯಿಂದ ಅರಸೀಕೆರೆ ದಾಟಿ ಚನ್ನರಾಯಪಟ್ಟಣದ ಕಡೆ ಹೋದರೆ ನುಗ್ಗೇಹಳ್ಳಿ, ಬೈರಾಪುರ ಸೀಮೆಯಲ್ಲೇ ಕ್ರೋಮೈಟ್ ಗಣಿಗಳಿವೆ. ಅದಿರಿನಲ್ಲಿ ಇರೋದು ಬಹುತೇಕ ಮೂರರ ಕ್ರೋಮಿಯಂ, ಅಷ್ಟೇನೂ ಕಾಟ ಇಲ್ಲ. ಸೋಡಾ ಪುಡಿ ಜೊತೆ ಕುಲುಮೆಯಲ್ಲಿ ಹುರಿದು ಅದನ್ನ ಆರಕ್ಕೆ ಏರಿಸೋರು ನಾವು.

ಹಾಗಾದರೆ ಪರ್ಯಾಯ ಇಲ್ಲವಾ? ಇಲ್ಲಿಂದ ನನ್ನ ನಿಜವಾದ ಜಗಳ ಶುರು. ಪರ್ಯಾಯ ಬರದ ಹಾಗೆ ತಡೀತಾ ಇರೋದು ಎರಡು ಸುಳ್ಳು. ಎರಡನ್ನೂ ಹೇಳೋರು ಓದಿದವರೇ.

ಮೊದಲನೇ ಸುಳ್ಳು: "ಗಿಡದಿಂದ ಬಂದದ್ದು, ಹಾಗಾಗಿ ಸುರಕ್ಷಿತ. ಆಮ್ಲದಲ್ಲಿ ಗೆದ್ದಿತು, ಹಾಗಾಗಿ ವಿಮಾನಕ್ಕೂ ಆಗುತ್ತೆ."

ಬೇವು, ತುಳಸಿ, ನುಗ್ಗೆ, ಪಪ್ಪಾಯಿ, ಈರುಳ್ಳಿ ಸಿಪ್ಪೆ... ನಮ್ಮ ದೇಶದ ಕಾಲೇಜುಗಳು ಕುದಿಸದೆ ಬಿಟ್ಟ ಸೊಪ್ಪು ಉಳಿದಿದೆಯಾ ಅಂತ ನನಗೆ ಅನುಮಾನ. ಒಂದೊಂದಕ್ಕೂ ಒಂದೊಂದು ಪೇಪರು. ಇತ್ತೀಚೆಗೆ ಅದರ ಜೊತೆ ಅಣುವಿನ ಕ್ವಾಂಟಮ್ ಲೆಕ್ಕವೂ ಸೇರಿದೆ, ನೋಡೋಕೆ ಭಾರಿ ವಿಜ್ಞಾನ. ಆದರೆ 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ವಿಮಾನದ ಮಿಶ್ರಲೋಹಗಳ ಮೇಲೇ ಪರೀಕ್ಷೆ ಮಾಡಿದ ಸಾವಯವ ಅಣುಗಳನ್ನ ಇಟ್ಟುಕೊಂಡು ನೋಡಿದಾಗ, ಬಿಡಿ ಅಣುವಿನ ಇಂಥ ಲೆಕ್ಕಕ್ಕೂ ಅದು ತುಕ್ಕು ತಡೆಯೋ ಶಕ್ತಿಗೂ ಸಂಬಂಧ ಸಿಗಲಿಲ್ಲ. ಕಂಪ್ಯೂಟರಿಗೆ ಒಳ್ಳೇ ಪ್ರಯೋಗದ ಅಂಕಿ ಕೊಟ್ಟು ಕಲಿಸಿದರೆ ಮಾತ್ರ ಊಹೆ ಸರಿಬಂತು. ನಾನು ಸಾಫ್ಟ್‌ವೇರಿನವನು, ಇದು ನನ್ನ ಹೊಟ್ಟೆಪಾಡಿನ ಪಾಠ: ಒಳಗೆ ಕಸ ಹಾಕಿದರೆ ಹೊರಗೂ ಕಸವೇ ಬರುತ್ತೆ. ಗೆದ್ದ ಫಲಿತಾಂಶ ಮಾತ್ರ ಅಚ್ಚಾಗಿ, ಸೋತದ್ದನ್ನೆಲ್ಲ ನಾವು ಮಾಡಿದ ಹಾಗೆ ಡ್ರಾಯರಿನಲ್ಲಿ ಇಟ್ಟುಬಿಟ್ಟರೆ ಯಾವ ಮಷೀನ್ ಲರ್ನಿಂಗ್ ಬಂದು ಏನು ಕಲಿಯಬೇಕು?

ಪರೀಕ್ಷೆಯ ಅಳತೆ ನೋಡಿ. ಅಮೆರಿಕದ ಸೇನಾ ಮಾನದಂಡದಲ್ಲಿ ಅಲ್ಯುಮಿನಿಯಂ ಮೇಲಿನ ಬರೀ ಅದ್ದಿದ ಲೇಪ ಉಪ್ಪಿನ ಮಂಜಿನ ಪೆಟ್ಟಿಗೆಯಲ್ಲಿ 168 ಗಂಟೆ ತಡೆಯಬೇಕು. ಪ್ರೈಮರ್ ಆದರೆ ಗೀರು ಹಾಕಿ 2000 ಗಂಟೆ. ಹತ್ತಿರಹತ್ತಿರ ಮೂರು ತಿಂಗಳು! ನಮ್ಮ ಚೊಗರಿನ ಪರೀಕ್ಷೆ ಆರು ಗಂಟೆ. ಅದೂ ಬೇರೆ ಲೋಹ, ಬೇರೆ ದ್ರಾವಣ.

ಇನ್ನು "ಗಿಡದ್ದು ಸುರಕ್ಷಿತ" ಅನ್ನೋ ಮಾತು. ನಮ್ಮ ಕಡೆಯವರಿಗೆ ಕಹಿ ಅನ್ನಿಸಬಹುದು, ಮನೆಯ ಖರ್ಚು ಅಡಿಕೆಯಲ್ಲೇ ನಡೆಯೋ ನನಗೂ ಕಹಿಯೇ. ಕ್ರೋಮೇಟನ್ನ ಮೊದಲನೇ ಗುಂಪಿಗೆ ಹಾಕಿದ ಅದೇ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಅದೇ ಮೊದಲನೇ ಗುಂಪಿಗೆ ಹಾಕಿದೆ. ಅದು ಜಗಿಯೋ ಮಾತು, ಚೊಗರು ಹಚ್ಚೋ ಮಾತಲ್ಲ, ಒಪ್ಪಿದೆ. ಆದರೆ ಹಸಿರು ಬಣ್ಣದ ಹೆಸರೇ ಸುರಕ್ಷತೆಯ ಸರ್ಟಿಫಿಕೇಟು ಅಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ. ಪ್ರಯೋಗಾಲಯದ ಅಣುಗಳಿಗೂ ಇದೇ ಮಾತು. ತಾಮ್ರ ಇರೋ ಅಲ್ಯುಮಿನಿಯಂಗೆ ಮರ್ಕ್ಯಾಪ್ಟೋಬೆಂಜೋಥಯಜೋಲ್ ಅನ್ನೋ ಸಾವಯವ ಅಣು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಎಷ್ಟೋ ಪೇಪರು ಹೊಗಳಿವೆ. 2016ರಲ್ಲಿ ಅದನ್ನೂ ಕ್ಯಾನ್ಸರ್ ತರೋ ಸಂಭವ ಹೆಚ್ಚು ಅನ್ನೋ ಗುಂಪಿಗೆ ಹಾಕಿದರು. ಒಂದು ವಿಷ ತೆಗೆದು ಇನ್ನೊಂದನ್ನ ತೊಟ್ಟಿಗೆ ಸುರಿದರೆ ತೊಟ್ಟಿ ಹತ್ತಿರ ನಿಂತವನಿಗೆ ಏನು ಲಾಭ?

ಎರಡನೇ ಸುಳ್ಳು ಇನ್ನೂ ದೊಡ್ಡದು: "ಕ್ರೋಮೇಟು ಬಿಟ್ಟರೆ ಬೇರೆ ಗತಿ ಇಲ್ಲ. ಡ್ರಾಯಿಂಗಿನಲ್ಲೇ ಹಾಗಿದೆ."

ಗತಿ ಇದೆ. ಎಲ್ಲ ಕಡೆಗೂ ಇಲ್ಲ, ಆದರೆ ಬಹಳ ಕಡೆಗೆ ಇದೆ. ಆ 168 ಗಂಟೆಯ ಮಾನದಂಡವನ್ನ 2006ರಲ್ಲಿ ತಿದ್ದಿದಾಗ ಅದ್ದೋ ಲೇಪದಲ್ಲಿ ಎರಡು ಬಗೆ ಮಾಡಿದರು. ಟೈಪ್ ಒಂದು ಅಂದರೆ ಆರರ ಕ್ರೋಮಿಯಂ ಇರೋದು, ಟೈಪ್ ಎರಡು ಅಂದರೆ ಇಲ್ಲದ್ದು. ಎರಡೂ ಅಷ್ಟೇ ಗಂಟೆ ತಡೆಯಬೇಕು. ಟೈಪ್ ಎರಡರಲ್ಲಿ ಹೆಚ್ಚು ಹೆಸರು ಮಾಡಿದ್ದು ಮೂರರ ಕ್ರೋಮಿಯಂ ಮತ್ತು ಜಿರ್ಕೋನಿಯಂ ಸೇರಿದ ಲೇಪ, ಅದನ್ನ ಅಭಿವೃದ್ಧಿ ಮಾಡಿದ್ದು ಅಮೆರಿಕದ ನೌಕಾಪಡೆಯವರು. ಸಮುದ್ರದ ಉಪ್ಪು ಗಾಳಿಯಲ್ಲಿ ಯುದ್ಧವಿಮಾನ ನಿಲ್ಲಿಸೋರು ಅವರು, ತುಕ್ಕಿನ ವಿಷಯದಲ್ಲಿ ತಮಾಷೆ ಮಾಡೋ ಜನ ಅಲ್ಲ. ಕ್ರೋಮಿಕ್ ಆಮ್ಲದ ಆನೊಡೈಸಿಂಗಿಗೆ ಬದಲು ಬೋಯಿಂಗಿನವರ ಬೋರಿಕ್-ಸಲ್ಫ್ಯೂರಿಕ್ ವಿಧಾನ, ಏರ್‌ಬಸ್ಸಿನವರ ಟಾರ್ಟಾರಿಕ್-ಸಲ್ಫ್ಯೂರಿಕ್ ವಿಧಾನ ಇವೆ. ಟಾರ್ಟಾರಿಕ್ ಆಮ್ಲ ಅಂದರೆ ನಮ್ಮ ಹುಣಸೇಹುಳಿಯ ಹುಳಿ :-)

ಕಷ್ಟ ಇರೋದು ಪ್ರೈಮರಿನಲ್ಲಿ, ಯಾಕಂದರೆ ಗೀರಿನ ತನಕ ನಡೆದುಹೋಗಿ ಮದ್ದು ಹಾಕೋ ಗುಣ ಬೇರೆಯವಕ್ಕೆ ಸುಲಭಕ್ಕೆ ಬರಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹಿಂಟನ್ ಮತ್ತು ಜೊತೆಗಾರರು ಸೀರಿಯಂ ಲವಣ ತಾಮ್ರದ ಕಣಗಳ ಮೇಲೆ ಪದರ ಕಟ್ಟುತ್ತೆ ಅಂತ ತೋರಿಸಿದರು. ಪ್ರಸಿಯೋಡಿಮಿಯಂ ಪ್ರೈಮರ್ ಅಮೆರಿಕದ ಸೇನಾ ವಿಮಾನಗಳ ಮೇಲೆ ಬಳಕೆಗೆ ಬಂದಿದೆ. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಬಣ್ಣದ ಕಂಪನಿಯವರ ಜೊತೆ ಸೇರಿ ಲೀಥಿಯಂ ಲವಣದ ಮೇಲೆ ಕೆಲಸ ಮಾಡಿದರು. ಅದು ಕ್ರೋಮೇಟಿನ ಹಾಗೇ ಬಣ್ಣದಿಂದ ಸೋರಿ ಗೀರಿನಲ್ಲಿ ಪದರ ಕಟ್ಟುತ್ತೆ. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ವಿಮಾನದ ಅಲ್ಯುಮಿನಿಯಂಗೆ ಸೋಲ್-ಜೆಲ್ ಲೇಪ, ತಾನೇ ಗಾಯ ಮಾಯಿಸಿಕೊಳ್ಳೋ ಲೇಪಗಳ ಕೆಲಸ ನಡೆದಿದೆ. 1940ರಲ್ಲಿ ಎಚ್‌ಎಎಲ್ ಹುಟ್ಟಿದ ಊರು ಇದು, ದೇಶದಲ್ಲಿ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಯಾವುದಿದೆ?

ಮತ್ತೆ ತೊಟ್ಟಿಯಲ್ಲಿ ಇನ್ನೂ ಯಾಕೆ ಆರರ ಕ್ರೋಮಿಯಂ? ತಮ್ಮನ ಯೂನಿಟ್ಟಿನಲ್ಲಿ ಆನೊಡೈಸಿಂಗ್ ತೊಟ್ಟಿಯೂ ಇದೆ, ಅದ್ದೋ ತೊಟ್ಟಿಯೂ ಇದೆ. ಅದ್ದೋ ಕೆಲಸದ ಬಗ್ಗೆ ಸೂಪರ್‌ವೈಸರಿಗೆ ಕೇಳು ಅಂದೆ, ಕೇಳಿದ. "ಕಸ್ಟಮರ್ ಡ್ರಾಯಿಂಗಲ್ಲಿ ಟೈಪ್ ಒನ್ ಅಂತ ಇದೆ" ಅನ್ನೋ ಉತ್ತರ ಬಂತು. ಟೈಪ್ ಟೂ ಆಗುತ್ತಾ ಅಂತ ಕಸ್ಟಮರಿಗೆ ಒಂದು ಪತ್ರ ಬರೆದಿದೀರಾ? ಇಲ್ಲ. ಯಾಕೆ? ಯಾರೂ ಬರೆದಿಲ್ಲ, ಅದಕ್ಕೆ.

ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಎಂದೋ ಕೆಲಸ ಬಿಟ್ಟು ಹೋದವನು ಬರೆದ ಒಂದು ಸಾಲು ಕೋಡ್ ಇರುತ್ತೆ. ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ, ಮುಟ್ಟೋಕೆ ಎಲ್ಲರಿಗೂ ಭಯ. ವಿಮಾನದಲ್ಲಿ ಆ ಭಯಕ್ಕೆ ಅರ್ಥ ಇದೆ. ತೊಟ್ಟಿ ಹತ್ತಿರ ನಿಂತವನು ತನ್ನಷ್ಟಕ್ಕೆ ತಾನು ಡ್ರಾಯಿಂಗ್ ಮೀರಬಾರದು, ಮೀರಿದರೆ ಇನ್ನೊಂದು ಅಲೋಹಾ ಆದೀತು. ನಾನು ಕೇಳ್ತಿರೋದು ಮೀರಿ ಅಂತ ಅಲ್ಲ. ಡ್ರಾಯಿಂಗ್ ತಿದ್ದೋ ಅಧಿಕಾರ ಇರೋರು ಪರೀಕ್ಷೆ ಮಾಡಿಸಿ ತಿದ್ದಿ ಅಂತ. ಭಯವನ್ನ ಗೌರವಿಸೋದು ಬೇರೆ, ಅದರ ಮರೆಯಲ್ಲಿ ಸೋಮಾರಿತನ ಮಾಡೋದು ಬೇರೆ.

"ಯುರೋಪಿನವರೇ ಬಿಟ್ಟಿಲ್ಲ, ನಾವು ಯಾಕೆ ಬಿಡಬೇಕು" ಅಂತ ಒಬ್ಬ ಗೆಳೆಯ ವಾದ ಮಾಡಿದ. ಅರ್ಧ ನಿಜ. ಯುರೋಪು 2017ರ ಸೆಪ್ಟೆಂಬರ್ 21ರ ನಂತರ ಅನುಮತಿ ಇಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಬಾರದು ಅಂತ ಮಾಡಿತು, ಸ್ಟ್ರಾನ್ಷಿಯಂ ಕ್ರೋಮೇಟಿಗೆ 2019ರ ಜನವರಿ 22. ವಿಮಾನ ಕಂಪನಿಗಳು ಅನುಮತಿ ತಗೊಂಡು ಬಳಸಿದ್ದೂ ಹೌದು. ಆದರೆ ಅನುಮತಿ ಬೇಕಾದರೆ ಎಲ್ಲಿ ಬಳಸ್ತೀವಿ, ಪರ್ಯಾಯ ಯಾಕೆ ಆಗಲಿಲ್ಲ, ಕೆಲಸಗಾರನ ಮೂಗಿಗೆ ಎಷ್ಟು ಹೋಗುತ್ತೆ ಅಂತ ಬರೆದುಕೊಡಬೇಕು. ಅನುಮತಿಗೂ ಅವಧಿ ಇರುತ್ತೆ. ನಮ್ಮಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳ್ತಿಲ್ಲ ಅನ್ನೋದು ನನ್ನ ತಕರಾರು.

"ನೀನು ಎಸಿ ರೂಮಲ್ಲಿ ಕೂತು ಕೀಬೋರ್ಡ್ ಕುಟ್ಟೋನು, ನಿನಗ್ಯಾಕೆ ಇದೆಲ್ಲ" ಅನ್ನೋರಿಗೆ: ಹೌದು, ನಾನು ಎಸಿ ರೂಮಲ್ಲಿದೀನಿ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬ ಆರು ಗಂಟೆ ಚೊಗರು ಕುದಿಸಿ "ಕ್ರೋಮೇಟಿಗೆ ಪರ್ಯಾಯ ಸಿಕ್ಕಿತು" ಅಂತ ಸುಳ್ಳು ಬರೆದು ಡಿಗ್ರಿ ತಗೊಂಡ. ಇನ್ನೊಬ್ಬ ಆ ಕ್ರೋಮೇಟಿನ ಆವಿ ಕುಡೀತಾ ನಿಂತಿದಾನೆ. ಇದು ನನ್ನ ವಿಷಯ ಅಲ್ಲದೆ ಮತ್ಯಾರದ್ದು?

ನನ್ನ ಪ್ರಕಾರ ಆಗಬೇಕಾದ್ದು ಇಷ್ಟು:

1. ಪರ್ಯಾಯ ಈಗಾಗಲೇ ಮಾನದಂಡದೊಳಗೇ ಇರೋ ಕಡೆ, ಅಂದರೆ ಅದ್ದೋ ಲೇಪ ಮತ್ತು ಆನೊಡೈಸಿಂಗಿನಲ್ಲಿ, ಡ್ರಾಯಿಂಗಿನ ಒಡೆಯರು ಒಂದೊಂದು ಭಾಗವನ್ನೂ ಮತ್ತೆ ನೋಡಲಿ. ಟೈಪ್ ಒಂದೇ ಬೇಕು ಅಂದರೆ ಯಾಕೆ ಅಂತ ಬರೆಯಲಿ.

2. ಬದಲಾಗೋ ತನಕ ತೊಟ್ಟಿ ಮೇಲಿನ ಆವಿಯನ್ನ ಫ್ಯಾನ್ ಹಾಕಿ ಎಳೆಯಲಿ, ಗಾಳಿ ಅಳೆಯಲಿ, ಅಳತೆಯನ್ನ ಗೋಡೆ ಮೇಲೆ ಹಾಕಲಿ. ಕೆಲಸಗಾರರ ಮೂಗು ಮತ್ತು ಕೈಯನ್ನ ಡಾಕ್ಟರು ಕಾಲಕಾಲಕ್ಕೆ ನೋಡಲಿ. ಇದು ಹೊಸ ಬೇಡಿಕೆಯಲ್ಲ, ಫ್ಯಾಕ್ಟರಿ ನಿಯಮಗಳು ಕಾಗದದ ಮೇಲೆ ಕೇಳ್ತಾ ಬಂದಿರೋದೇ. ವ್ಯಾಸಲೀನ್ ಡಬ್ಬ ವೆಂಟಿಲೇಶನ್ ಅಲ್ಲ!

3. ವಿಮಾನಕ್ಕೆ ಪರ್ಯಾಯ ಅಂತ ಬರೆಯೋ ಪ್ರಾಜೆಕ್ಟುಗಳು ವಿಮಾನದ ಮಿಶ್ರಲೋಹದ ಮೇಲೆ, ಉಪ್ಪು ನೀರಲ್ಲಿ, ದಿನಗಟ್ಟಲೆ ಪರೀಕ್ಷೆ ಮಾಡಲಿ. ಆಗಲ್ಲ ಅಂದರೆ "ವಿಮಾನ" ಅನ್ನೋ ಪದ ಬಿಡಲಿ. ಸೋತದ್ದನ್ನೂ ಬರೆಯಲಿ. ಇಂಥ ಅಣು ಇಂಥ ಲೋಹದಲ್ಲಿ ಸೋತಿತು ಅನ್ನೋದೂ ಮುಂದಿನವನಿಗೆ ದಾರಿ.

4. "ಸುರಕ್ಷಿತ" ಅನ್ನೋ ಮಾತನ್ನ ತೊಟ್ಟಿ ಹತ್ತಿರ ನಿಂತವನ ಮೂಗಿನಿಂದ ಅಳೆಯಲಿ. ಎಲೆಯಿಂದ ಬಂತಾ, ಲ್ಯಾಬಿನಿಂದ ಬಂತಾ ಅನ್ನೋದು ಆಮೇಲೆ.

ಮೂರನೇದನ್ನ ನನ್ನಿಂದಲೇ ಶುರು ಮಾಡ್ತೀನಿ. ನಮ್ಮ ಆ 2024 ತುಂಡಿನ ಫೋಟೋ ಹಳೇ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿದೆ, ಉಪ್ಪಿನ ಪ್ರಮಾಣ ಮತ್ತು ಚೊಗರಿನ ಪ್ರಮಾಣ ಬರೆದ ನೋಟ್‌ಬುಕ್ಕಿನ ಪುಟವೂ ಸಿಕ್ಕಿದೆ. ಪ್ರಾಜೆಕ್ಟಿನ ಗೆಳೆಯರನ್ನ ಕೇಳಿದೆ, ಇಬ್ಬರು ಹಾಕು ಅಂದರು, ಒಬ್ಬ ಇನ್ನೂ ಯೋಚನೆ ಮಾಡ್ತಿದಾನೆ. ಅವನು ಒಪ್ಪಿದ ಮೇಲೆ ಇಲ್ಲೇ ಹಾಕ್ತೀನಿ. ಪೇಪರನ್ನ ಸರಿಪಡಿಸಿ ಅಂತ ಜರ್ನಲ್ಲಿಗೂ ಬರೆದಿದೀನಿ, ಈ ತನಕ ಉತ್ತರ ಇಲ್ಲ. ಬಹುಶಃ ಅದಕ್ಕೂ ದುಡ್ಡು ಕಟ್ಟಬೇಕೇನೋ.

ತಮ್ಮ ಹಬ್ಬ ಮುಗಿಸಿ ಸೋಮವಾರ ಬೆಳಗ್ಗೆ ಕಡೂರಿಗೆ ಬಂದು ಬೆಂಗಳೂರಿನ ರೈಲು ಹತ್ತಿದ. ಕೆಲಸ ಬಿಟ್ಟುಬಿಡು ಅಂತ ಚಿಕ್ಕಮ್ಮ ಅತ್ತರು. ಬೋರ್‌ವೆಲ್ಲಿನ ಸಾಲ ಯಾರು ಕಟ್ಟೋದು ಅಂದ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಈ ಸಲ ಡಾಕ್ಟರ ಹತ್ತಿರ ಹೋದಾಗ ಏನು ಕೆಲಸ ಮಾಡ್ತೀನಿ ಅಂತ ಮೊದಲು ಹೇಳು, ಚೀಟಿಯಲ್ಲಿ ಕ್ರೋಮಿಯಂ ಅಂತ ಬರೆಸಿಕೋ ಅಂದಿದೀನಿ. ಬರೆಸಿಕೊಂಡಿದಾನೆ, ಫೋಟೋ ಕಳಿಸಿದ.

ನಿಮ್ಮಲ್ಲಿ ಯಾರಾದರೂ ಪ್ಲೇಟಿಂಗ್ ಶಾಪಿನಲ್ಲೋ, ಕ್ವಾಲಿಟಿಯಲ್ಲೋ, ಡ್ರಾಯಿಂಗಿಗೆ ಸಹಿ ಹಾಕೋ ಜಾಗದಲ್ಲೋ ಇದ್ದರೆ ನಿಮ್ಮ ಅನುಭವ ಬರೆಯಿರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಮುಲಾಜಿಲ್ಲದೆ ತಿದ್ದಿ. ಕಾಲೇಜಿನಲ್ಲಿ ನನ್ನ ಹಾಗೇ ಸೊಪ್ಪು ಕುದಿಸಿದವರು ಇದ್ದರೆ, ಡ್ರಾಯರಿನಲ್ಲಿ ಬಿದ್ದಿರೋ ಆ ಸೋತ ತುಂಡನ್ನ ನೀವೂ ಒಮ್ಮೆ ಹುಡುಕಿ ನೋಡಿ. ಏನಂತೀರಾ?